ಮೊದಲು ಅಂಗಿಯ ನೂಲು ಸುಟ್ಟು ನೋಡಿ

ವೆಲ್ಡಿಂಗ್ ಕಲಿಯಲು ಹೊರಟವರು ಮೊದಲು ದುಡ್ಡು ಹಾಕುವುದು ತಾನಾಗಿ ಕಪ್ಪಾಗುವ ಆಟೋ ಡಾರ್ಕನಿಂಗ್ ಹೆಲ್ಮೆಟ್ ಮೇಲೆ. ಮೈಮೇಲೆ ಮಾತ್ರ ಮನೆಯ ಟ್ರ್ಯಾಕ್ ಪ್ಯಾಂಟು, ಟೀ ಶರ್ಟೇ ಇರುತ್ತದೆ. ಹೆಲ್ಮೆಟ್ ಬೇಕೇ ಬೇಕು, ಆದರೆ ಕಿಡಿ ಬೀಳುವುದು ಕತ್ತು, ಮುಂಗೈ, ತೊಡೆ, ಪಾದದ ಮೇಲೆ.

ಪಾಲಿಯೆಸ್ಟರ್ ಸುಮಾರು 250–260 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಕರಗಿದ ಉಕ್ಕಿನ ಹನಿ 1,400 ಡಿಗ್ರಿಗೂ ಮೇಲಿರುತ್ತದೆ. ಹತ್ತಿಬಟ್ಟೆಗೆ ಕಿಡಿ ಬಿದ್ದರೆ ತೂತಾಗುತ್ತದೆ, ಕೊಡವಿದರೆ ಕಿಡಿ ಉದುರುತ್ತದೆ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೇ ಅಂಟುತ್ತದೆ. ಪಾಲಿಯೆಸ್ಟರ್, ಹತ್ತಿ ಬೆರೆತ ಟೆರಿಕಾಟ್ ಯೂನಿಫಾರ್ಮಿನದೂ ಅರ್ಧ ಇದೇ ಕಥೆ. ಅಂಗಡಿಯವರು ‘ಪ್ಯೂರ್ ಕಾಟನ್’ ಎಂದರೆ ನಂಬಬೇಕಿಲ್ಲ. ಒಳಹೊಲಿಗೆಯ ಅಂಚಿನಿಂದ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಬೆಂಕಿ ಕಡ್ಡಿ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೆರಳಲ್ಲಿ ಉಜ್ಜಿದರೆ ಬೂದಿ ಪುಡಿಯಾಗುತ್ತದೆ. ಎಳೆ ಮುದುಡಿಕೊಂಡು ತುದಿಯಲ್ಲಿ ಸಾಸಿವೆಯಷ್ಟು ಗಟ್ಟಿ ಮಣಿ ಕಟ್ಟಿದರೆ ಆ ಬಟ್ಟೆ ವರ್ಕ್‌ಶಾಪಿಗೆ ಬೇಡ.

ಹತ್ತಿಯಾದರೂ ತೆಳುವಾಗಿದ್ದರೆ ಪ್ರಯೋಜನವಿಲ್ಲ. ಬಟ್ಟೆಯನ್ನು ಟ್ಯೂಬ್‌ಲೈಟಿಗೆ ಹಿಡಿದಾಗ ಬೆಳಕು ಚೆನ್ನಾಗಿ ಕಂಡರೆ ಆರ್ಕಿನ (ವೆಲ್ಡಿಂಗಿನ ವಿದ್ಯುತ್ ಉರಿಯ) ನೇರಳಾತೀತ ಕಿರಣವೂ ಒಳಗೆ ಬರುತ್ತದೆ. ದಪ್ಪ ಡೆನಿಮ್ ಅಥವಾ ಕ್ಯಾನ್ವಾಸ್, ಅದರಲ್ಲೂ ಗಾಢ ಬಣ್ಣದ್ದು ಒಳ್ಳೆಯದು. ಬಿಳಿ ಅಂಗಿ ಬೆಳಕನ್ನು ಕೆಳಗಿನಿಂದ ಹೆಲ್ಮೆಟ್ಟಿನೊಳಕ್ಕೆ ಪ್ರತಿಫಲಿಸುತ್ತದೆ. ಮೇಲಿನ ಗುಂಡಿ ಬಿಚ್ಚಿಟ್ಟರೆ ಸಂಜೆಯ ಹೊತ್ತಿಗೆ ಎದೆಯ ಮೇಲೆ ‘ವಿ’ ಆಕಾರದಲ್ಲಿ ಚರ್ಮ ಕೆಂಪಾಗಿ ಉರಿಯುತ್ತದೆ. ಪ್ಯಾಂಟಿನ ಅಂಚು ಮಡಚಬೇಡಿ, ಮಡಿಕೆಯಲ್ಲಿ ಕಿಡಿ ಕೂತು ಹೊಗೆಯಾಡುತ್ತದೆ. ನೂಲು ಬಿಟ್ಟ ಹಳೇ ಜೀನ್ಸಿನ ಅಂಚು ದೀಪದ ಬತ್ತಿಯಿದ್ದಂತೆ.

ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಪೂರ್ತಿ ಚರ್ಮದ ಜಾಕೆಟ್ ಹಾಕಿ ಎಂದರೆ ಯಾರೂ ಹಾಕುವುದಿಲ್ಲ. ಹಾಕಿದವರು ಅರ್ಧ ಗಂಟೆಗೆ ತೋಳು ಮಡಚುತ್ತಾರೆ. ಅದಕ್ಕಿಂತ ಹತ್ತಿ ಅಂಗಿಯ ಮೇಲೆ ಚರ್ಮದ ಏಪ್ರನ್, ಚರ್ಮದ ತೋಳುಗಳು ಸಾಕು. ಬೆನ್ನಿಗೆ ಗಾಳಿ ಆಡುತ್ತದೆ. ತಲೆಗಿಂತ ಮೇಲೆ ಮಾಡುವ ಓವರ್‌ಹೆಡ್ ಕೆಲಸಕ್ಕೆ ಮಾತ್ರ ಭುಜ, ತಲೆ ಮುಚ್ಚಲೇಬೇಕು.

ರಾಡ್ ವೆಲ್ಡಿಂಗಿಗೆ 14 ಇಂಚಿನ ದಪ್ಪ ಚರ್ಮದ ಗ್ಲೌಸ್ ಬೇಕು. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ತುಂಬುವ ತಂತಿ ಹಿಡಿದು ಮಾಡುವ ಟಿಗ್ ವೆಲ್ಡಿಂಗಿಗೆ ಅದು ಆಗದು, ಫಿಲ್ಲರ್ ತಂತಿ ಬೆರಳಿಗೆ ಸಿಗುವುದೇ ಇಲ್ಲ. ತೆಳು ಮೇಕೆ ಚರ್ಮದ್ದು ತೆಗೆದುಕೊಳ್ಳಿ. ಗ್ಲೌಸಿನ ಮೇಲೆ ಇಎನ್ 12477 (ಯುರೋಪಿನ ಮಾನದಂಡ) ಗುರುತಿದ್ದರೆ ‘ಎ’ ದಪ್ಪ ಕೆಲಸಕ್ಕೆ, ‘ಬಿ’ ಟಿಗ್‌ಗೆ. ಮೇಜಿನ ಮೇಲಿನ ಕೆಲಸದಲ್ಲಿ ಗ್ಲೌಸು ಅಂಗಿಯ ತೋಳಿನ ಮೇಲಿರಲಿ. ಕೈ ಎತ್ತಿ ಮಾಡುವಾಗ ಅಂಗಿಯ ತೋಳಿನ ಬಾಯಿ ಬಟ್ಟಲಿನಂತೆ ಮೇಲ್ಮುಖವಾಗುವುದರಿಂದ ಗ್ಲೌಸನ್ನು ತೋಳಿನ ಮೇಲೆ ಎಳೆದುಕೊಳ್ಳಲೇಬೇಕು. ಬಿಸಿ ಪೀಸನ್ನು ಗ್ಲೌಸಿನಲ್ಲೇ ಎತ್ತುವ ಚಾಳಿ ಬೇಡ, ಚರ್ಮ ಕುಗ್ಗಿ ಕಟ್ಟಿಗೆಯಂತಾಗುತ್ತದೆ. ಬೆವರಿಗೆ ಒದ್ದೆಯಾದದ್ದು ಕರೆಂಟನ್ನೂ ತಡೆಯದು, ಹಾಗಾಗಿ ಎರಡು ಜೊತೆ ಇಟ್ಟುಕೊಂಡು ಒಂದನ್ನು ಒಣಗಲು ಬಿಡಿ.

ಶೂ ಕಣಕಾಲು ಮುಚ್ಚುವ ಚರ್ಮದ್ದು, ಐಎಸ್ 15298 (ಭಾರತೀಯ ಮಾನದಂಡ) ಗುರುತಿನದು. ಪ್ಯಾಂಟು ಅದರ ಹೊರಗಿರಲಿ. 3.15 ಮಿ.ಮೀ. ರಾಡಿಗೆ, 100–130 ಆಂಪಿಯರಿನಲ್ಲಿ, ಹೆಲ್ಮೆಟ್ಟಿನಲ್ಲಿ 10 ಅಥವಾ 11ನೇ ನಂಬರಿನ ಕಪ್ಪು ಗ್ಲಾಸು. ಹೆಲ್ಮೆಟ್ಟಿನೊಳಗೆ ಬಣ್ಣವಿಲ್ಲದ ರಕ್ಷಣಾ ಕನ್ನಡಕವೂ ಇರಲಿ, ಸ್ಲ್ಯಾಗ್ (ಬೆಸುಗೆಯ ಮೇಲೆ ಕಟ್ಟುವ ಗಟ್ಟಿ ಪದರ) ಕುಟ್ಟುವಾಗ ಹೆಲ್ಮೆಟ್ ಮೇಲೆತ್ತಿರುತ್ತೀರಿ.

ಮುಂದೆ ಬೆಂಕಿ ನಿರೋಧಕ ಬಟ್ಟೆ ಕೊಳ್ಳುವುದಾದರೆ ಐಎಸ್‌ಒ 11611 ಗುರುತು ನೋಡಿ: ಕ್ಲಾಸ್ 1 ಕಡಿಮೆ ಕಿಡಿಗೆ, ಕ್ಲಾಸ್ 2 ಹೆಚ್ಚು ಕಿಡಿಗೆ. ಬ್ಲೀಚ್ ಹಾಕಿ ಒಗೆದರೆ ಕೊಟ್ಟ ದುಡ್ಡು ನೀರಿಗೆ ಹೋಯಿತು. ಬೋರ್‌ವೆಲ್ಲಿನ ಗಡಸು ನೀರಿನ ಲವಣವೂ ನೂಲಿನಲ್ಲಿ ಕೂತು ಗುಣ ಕೆಡಿಸುತ್ತದೆ.

ಗ್ಯಾಸ್ ಕಟಿಂಗ್ ನಡೆಯುವ ಕಡೆ ಮೈಮೇಲಿನ ಧೂಳನ್ನು ಆಕ್ಸಿಜನ್ ಪೈಪಿನಿಂದ ಊದಿಕೊಳ್ಳುವವರಿದ್ದಾರೆ. ಆಕ್ಸಿಜನ್ ಬಟ್ಟೆಯ ಸಂದಿನಲ್ಲಿ ಉಳಿಯುತ್ತದೆ, ಆಗ ಒಂದು ಕಿಡಿಗೆ ಇಡೀ ಅಂಗಿ ಭಗ್ಗೆನ್ನುತ್ತದೆ. ತಪ್ಪಿ ತಾಗಿದರೆ ಬೆಂಕಿಯಿಂದ ದೂರ, ಬಯಲಿನಲ್ಲಿ ಕನಿಷ್ಠ 15 ನಿಮಿಷ ಬಟ್ಟೆಗೆ ಗಾಳಿ ಆಡಿಸಿಯೇ ಒಳಗೆ ಬನ್ನಿ.