ಶಾಲೆ ಊಟದಲ್ಲಿ ಊರ ಮೀನು: ಕೋಲಾರದ ಬಿ.ಎಡ್ ಗೆಳೆಯರಿಗೆ ನೋಟ್ಸ್

ಶಾಲೆ ಊಟ, ಸ್ಥಳೀಯ ಆಹಾರ ಅಂತ ಪ್ರಶ್ನೆ ಬಂದ್ರೆ ಎಲ್ರೂ ಪ್ರೋಟೀನ್ ಬಗ್ಗೆ ಬರೆದು ಪೇಜ್ ತುಂಬಿಸ್ತಾರೆ. ಬರೀರಿ, ಆದ್ರೆ ಆ ಮೀನು ಯಾರ ಮನೆ ರುಚೀಲಿ ಬೇಯ್ತಿದೆ ಅನ್ನೋದನ್ನೂ ಬರೀರಿ, ಅಸಲಿ ವಿಷ್ಯ ಇರೋದೇ ಅಲ್ಲಿ.

ಉದಾಹರಣೆಗೆ ಅಲಾಸ್ಕಾದ ಸಿಟ್ಕಾ ಅನ್ನೋ ಊರು ತಗೊಳಿ. ಮೊದ್ಲು ಟ್ಲಿಂಗಿಟ್ ಅನ್ನೋ ಮೂಲನಿವಾಸಿ ಜನರ ನೆಲ, ಆಮೇಲೆ ರಷ್ಯಾದವ್ರು ಬಂದು ಅದನ್ನೇ ಅಲ್ಲಿನ ತಮ್ಮ ವಸಾಹತಿನ ರಾಜಧಾನಿ ಮಾಡ್ಕೊಂಡ್ರು, 1867ರಲ್ಲಿ ಇಡೀ ಅಲಾಸ್ಕಾನೇ ಅಮೆರಿಕಕ್ಕೆ ಮಾರಿಬಿಟ್ರು, ಮುಂದೆ ಮೀನು ಡಬ್ಬಿ ಫ್ಯಾಕ್ಟರಿಗಳ ಕೂಲಿಗೆ ಅಂತ ಫಿಲಿಪೀನ್ಸ್‌ನವ್ರೂ ಆ ತೀರಕ್ಕೆ ಬಂದ್ರು. ಈಗ ಸಿಟ್ಕಾದಲ್ಲಿ 'ಫಿಶ್ ಟು ಸ್ಕೂಲ್ಸ್' ಅಂತ ಕಾರ್ಯಕ್ರಮ ಇದೆ, ಅಲ್ಲೇ ಹಿಡಿದ ಮೀನು ಮಕ್ಕಳ ತಟ್ಟೆಗೆ. ದಾನವಾಗಿ ಬಂದ ಸಾಂಪ್ರದಾಯಿಕ ಆಹಾರನ ಶಾಲೆಗಳಲ್ಲಿ ಬಡಿಸೋಕೆ ಅಮೆರಿಕದ 2014ರ ಕೃಷಿ ಕಾಯ್ದೆ ದಾರಿ ಮಾಡ್ತು, ಇಸವಿ ನೆನಪಿಟ್ಕೊಳಿ. ಸಾಲ್ಮನ್ ಮೀನು ಒಂದೇ, ಟ್ಲಿಂಗಿಟ್ ಮನೇಲಿ ಹೊಗೆ ಹಾಕಿ ಒಣಗಿಸ್ತಾರೆ, ಕೊಡಿಯಾಕ್ ದ್ವೀಪದ ಕಡೆ ಅನ್ನದ ಜೊತೆ ಹಿಟ್ಟಲ್ಲಿ ಮುಚ್ಚಿ ಬೇಯಿಸೋ ಪಿರೋಕ್ (ರಷ್ಯಾದ ಬಳುವಳಿ), ಫಿಲಿಪಿನೋ ಮನೇಲಿ ಹುಣಸೆಹಣ್ಣಿನ ಹುಳಿ ಸಿನಿಗಾಂಗ್.

ಹುಣಸೆಹಣ್ಣು ಅಂದ್ಮೇಲೆ ನಮ್ಮೂರಿಗೇ ಬಂದ್ವಿ ಬಿಡಿ! ನಮ್ಗೆ ಸಮುದ್ರ ಇಲ್ಲ, ಕಡಲ ಮೀನು ಐಸ್ ಬಾಕ್ಸಲ್ಲಿ ಬರ್ಬೇಕು, ಹಾಗಾಗಿ ಇಲ್ಲಿ ಸ್ಥಳೀಯ ಅಂದ್ರೆ ಕೆರೆ ಮೀನು, ಕಾಟ್ಲ, ರೋಹು, ಗೆಂಡೆ, ಜಿಲೇಬಿ (ಸಿಹಿತಿಂಡಿ ಅಲ್ಲ, ತಿಲಾಪಿಯಾ ಮೀನು). ಕೋಲಾರದ ಒಂದೇ ಕ್ಲಾಸಲ್ಲಿ ಮನೇಲಿ ತೆಲುಗು ಮಾತಾಡೋ ಮಗು, ಉರ್ದು ಮಗು, ಕನ್ನಡದ್ದು, ಕೆಜಿಎಫ್ ಕಡೆ ಆದ್ರೆ ತಮಿಳೂ. ಒಬ್ರ ಮನೇಲಿ ಚೇಪಲ ಪುಲುಸು, ಇನ್ನೊಬ್ರಲ್ಲಿ ಮೀನ್ ಕುಳಂಬು, ಮತ್ತೊಬ್ರಲ್ಲಿ ಮುದ್ದೆ ಜೊತೆ ಮೀನ್ ಸಾರು, ಹುಳಿ ಮಾತ್ರ ಅದೇ ಹುಣಸೆ. ವಾರಕ್ಕೊಂದು ಮನೆ ರೀತೀಲಿ ಮಾಡಿದ್ರೆ ಮಕ್ಕಳೇ ಮಾತಿಗೆ ಶುರು ಹಚ್ಕೊತಾರೆ, ಟೀಚರ್ ಪಾಠ ಮಾಡ್ಬೇಕಾಗಿಲ್ಲ.

ತಿನ್ನದ ಮಕ್ಕಳ ಕಥೆ? ಮೊಟ್ಟೆಗೆ ಮಾಡಿರೋ ದಾರಿನೇ, ಬೇಡದವ್ರಿಗೆ ಬಾಳೆಹಣ್ಣು. ಅಂಕಿ ಕೇಳಿದ್ರೆ: ಬಿಸಿಯೂಟದಲ್ಲಿ 1ರಿಂದ 5ನೇ ಕ್ಲಾಸಿಗೆ 450 ಕ್ಯಾಲರಿ, 12 ಗ್ರಾಂ ಪ್ರೋಟೀನ್, 6ರಿಂದ 8ಕ್ಕೆ 700, 20 ಗ್ರಾಂ.

ನನ್ನ ಪ್ರಕಾರ ದೊಡ್ಡ ತಲೆನೋವು ಜಾತಿ-ಗೀತಿಗಿಂತ ಮುಳ್ಳು. ಕಾಟ್ಲ, ರೋಹುಲಿ ಮಾಂಸದೊಳಗೇ ಕವಲೊಡೆದ ಸಣ್ಣ ಮುಳ್ಳುಗಳಿರ್ತವೆ, ಒಂದನೇ ಕ್ಲಾಸ್ ಮಗು ಕೈಗೆ ಕೊಡೋಕಾಗಲ್ಲ. ಜಿಲೇಬೀಲಿ ಆ ಕಾಟ ಇಲ್ಲ, ಬೆನ್ನೆಲುಬಿನ ಎರಡೂ ಕಡೆ ಸೀಳಿದ್ರೆ ತುಂಡು ಬಿಡಿಸ್ಕೊಂಡು ಬರುತ್ತೆ. ಆದ್ರೆ ನೂರಾರು ಮಕ್ಕಳಿಗೆ ಪೊರೆ ತೆಗೆದು ಸೀಳೋ ಕೆಲಸ ಬೀಳೋದು ಅಡುಗೆ ಅಕ್ಕಂದಿರ ಮೇಲೆ, ಅದಕ್ಕೆ ಬೇರೆ ಕೂಲಿ ಇಡ್ದೆ ಮೆನು ಬರೆದ್ರೆ ಪ್ಲಾನ್ ಪೇಪರ್ ಮೇಲೇ ಇರುತ್ತೆ.