ಮಳೆಗಾಲದಲ್ಲಿ ಮಾತ್ರ ಕೆಡುವ ಕೋವಿ

ನಮ್ಮ ಮನೆಯ ಜೋಡುನಳಿಗೆ ಕೋವಿಗೆ ಒಂದು ವಿಚಿತ್ರ ಕಾಯಿಲೆ ಇತ್ತು. ಬೇಸಿಗೆಯಲ್ಲಿ ಎರಡೂ ಕಡೆಯ ಹ್ಯಾಮರ್, ಅಂದರೆ ತೋಟೆ ಸಿಡಿಸಲು ಹೊಡೆಯುವ ಸುತ್ತಿಗೆಗಳು, ಎಳೆದಲ್ಲಿ ಗಟ್ಟಿಯಾಗಿ ನಿಲ್ಲುತ್ತಿದ್ದವು. ಮೂಡಿಗೆರೆ ಕಡೆಯ ಮಳೆ ಹಿಡಿಯಿತು ಅಂದರೆ ಎಡಗಡೆಯದು ನಿಲ್ಲುತ್ತಲೇ ಇರಲಿಲ್ಲ. ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದು ಬಿಟ್ಟರೆ ಜಾರಿ ಮುಂದಕ್ಕೆ ಬೀಳುತ್ತಿತ್ತು. ತೋಟೆ ತುಂಬಿದ ಕೋವಿಯಲ್ಲಿ ಹೀಗಾದರೆ ಜೀವಕ್ಕೇ ಅಪಾಯ ಅಲ್ವಾ? ಹಾಗಾಗಿ ಅದು ಆಯುಧಪೂಜೆಯ ದಿನ ಕುಂಕುಮ, ಹೂವು ಏರಿಸಿಕೊಂಡು ಮತ್ತೆ ಬೀರು ಸೇರುತ್ತಿತ್ತು.

ಅದು ಅಜ್ಜನ ಕಾಲದ ತೋಟಾ ಕೋವಿ. ನಳಿಗೆಯ ಅಡಿಯಲ್ಲಿ ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯದ ಮುದ್ರೆಗಳಿವೆ. 1813ರಲ್ಲಿ ಶುರುವಾದ ಆ ಪರೀಕ್ಷಾಲಯದಲ್ಲಿ ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ ಹಾರಿಸಿ, ನಳಿಗೆ ತಡೆದರೆ ಮಾತ್ರ ಮುದ್ರೆ ಒತ್ತುತ್ತಾರೆ. ಹ್ಯಾಮರ್ ಹೊರಗೇ ಕಾಣುವ ಹಳೆಯ ಮಾದರಿ. 1875ರಲ್ಲಿ ಆನ್ಸನ್ ಮತ್ತು ಡೀಲಿ ಎಂಬಿಬ್ಬರು ನಳಿಗೆ ಬಗ್ಗಿಸಿದರೆ ಸಾಕು, ಒಳಗಿನ ಹ್ಯಾಮರ್ ತಾನೇ ಸಜ್ಜಾಗುವ ಉಪಾಯ ಮಾಡಿದರು. ನಮ್ಮದರಲ್ಲಿ ಆ ಕೆಲಸ ಹೆಬ್ಬೆರಳಿನದೇ.

ಮೊದಲು ಒಂದು ಕಡೆ ತೋರಿಸಿದಾಗ, "ಒಳಗೆ ಹ್ಯಾಮರ್ ತಡೆದು ನಿಲ್ಲಿಸುವ ಕಚ್ಚು ಸವೆದಿದೆ, ಅರ ಹಾಕಿ ಆಳ ಮಾಡೋಣ" ಅಂದಿದ್ದರು. ಅಪ್ಪ ಒಪ್ಪಲಿಲ್ಲ. ಕೊನೆಗೆ ಚಿಕ್ಕಮಗಳೂರಿನಲ್ಲಿ ಲೈಸೆನ್ಸ್ ಇರುವ ಹಿರಿಯ ರಿಪೇರಿಯವರೊಬ್ಬರು ಸಿಕ್ಕರು. ಕೋವಿ ರಿಪೇರಿಗೂ ಲೈಸೆನ್ಸ್ ಬೇಕು, ಮನೆಯಲ್ಲೇ ರಿಪೇರಿ ಮಾಡುವ ಹಾಗಿಲ್ಲ. ಅವರು ಹೇಳಿದ್ದು ಒಂದೇ ಮಾತು. "ಗೌಡ್ರೇ, ಮಳೆಗಾಲದಲ್ಲೇ ತನ್ನಿ. ಜ್ವರ ಇದ್ದಾಗ ತಾನೇ ಡಾಕ್ಟರಿಗೆ ತೋರಿಸೋದು?"

ಜುಲೈನಲ್ಲಿ ಹೋದೆವು. ಅವರು ಬಿಚ್ಚಿ ಒರೆಸಿದ ತುಂಡುಗಳನ್ನು ಎರಡು ತಟ್ಟೆಗಳಲ್ಲಿ ಹಾಕಿದರು. ಬಲದ್ದು ಒಂದು, ಎಡದ್ದು ಒಂದು. ಕನ್ನಡಿಯಲ್ಲಿ ನೋಡಿದ ಹಾಗೆ ಒಂದಕ್ಕೊಂದು ಜೋಡಿ. ಆದರೆ ಬಲದ ಸ್ಕ್ರೂ ಕೂಡ ಎಡಕ್ಕೆ ಹೊಂದುವುದಿಲ್ಲ. ಪ್ರತಿಯೊಂದನ್ನೂ ಅದರ ಜಾಗಕ್ಕೇ ಉಜ್ಜಿ ಉಜ್ಜಿ ಕೂರಿಸಿದ್ದು.

ಅಂಗೈಯಷ್ಟೂ ಇಲ್ಲದ ಒಂದು ಉಕ್ಕಿನ ತಗಡು. ಅದರ ಒಳಮೈಗೆ ಅಂಟಿಕೊಂಡೇ ಇಡೀ ಯಂತ್ರ ಇರುತ್ತದೆ. ಇದಕ್ಕೆ ಲಾಕ್ ಅಂತಲೇ ಹೆಸರು. ಜೋಡಿಸುವಾಗ ಮೊದಲು ಕೂರುವುದು ಟಂಬ್ಲರ್. ಹೊರಗಿನ ಹ್ಯಾಮರ್ ತಿರುಗಿದಾಗ ಒಳಗೆ ತಿರುಗುವ ತುಂಡು ಇದು. ಅಂಚಿನಲ್ಲಿ ಒಂದು ಕಚ್ಚು ಇದೆ. ಟಂಬ್ಲರ್ ಮೇಲೆ ಬ್ರೈಡಲ್ ಎಂಬ ಪಟ್ಟಿ. ಆಮೇಲೆ ಕಚ್ಚಿಗೆ ಮೂತಿ ಇಟ್ಟು ಹಿಡಿಯುವ ಸಿಯರ್, ಅದನ್ನು ಒತ್ತುವ ಸಣ್ಣ ಸ್ಪ್ರಿಂಗ್. ದೊಡ್ಡ ಸ್ಪ್ರಿಂಗ್‌ಗೆ ಜಾಗ ಸಿಗುವುದು ಇಷ್ಟೆಲ್ಲ ಆದ ಮೇಲೆ. ಅದು ಕಟ್ಟಿದ ನಂತರ ಹೊರಗಿನಿಂದ ಹ್ಯಾಮರ್ ಕೂರುತ್ತದೆ.

ಈ ಕ್ರಮ ಸುಮ್ನೆ ಬಂದದ್ದಲ್ಲ. ಬಾವಿಯ ರಾಟೆಯ ಅಚ್ಚು ಎರಡೂ ತುದಿಯಲ್ಲಿ ಕೂತಿರುತ್ತದೆ. ಒಂದೇ ತುದಿಯಲ್ಲಿ ಹಿಡಿದು ಕೊಡ ಎಳೆದರೆ ಅಚ್ಚು ಬಾಗುತ್ತದೆ. ಟಂಬ್ಲರ್‌ನ ಅಚ್ಚಿಗೆ ಒಂದು ತುದಿಯಲ್ಲಿ ತಗಡಿನ ಆಧಾರ, ಇನ್ನೊಂದು ತುದಿಗೆ ಬ್ರೈಡಲ್‌ನ ಆಧಾರ. ಬ್ರೈಡಲ್ ಹಾಕದೆ ದೊಡ್ಡ ಸ್ಪ್ರಿಂಗ್ ಕಟ್ಟಿದರೆ ಆ ಬಲವೆಲ್ಲ ಟಂಬ್ಲರನ್ನು ಓರೆ ಮಾಡುತ್ತದೆ. ಬಿಚ್ಚುವಾಗ ದೊಡ್ಡ ಸ್ಪ್ರಿಂಗ್ ಮೊದಲು ಹೊರಬರಬೇಕು ಅನ್ನುವುದೂ ಇದೇ ಕಾರಣಕ್ಕೆ.

ಆ ಸ್ಪ್ರಿಂಗ್ ಸುರುಳಿಯಲ್ಲ. ಚಿಮಟದ ಹಾಗೆ ಮಡಚಿದ ಉಕ್ಕಿನ ಪಟ್ಟಿ. ಅವರು ಅದನ್ನು ಒತ್ತಿ ಹಿಡಿಯುವ ಸಲಕರಣೆಗೆ ಸಿಕ್ಕಿಸಿ ನಿಧಾನಕ್ಕೆ ಒತ್ತಿದರು. ಅಗತ್ಯಕ್ಕಿಂತ ಕೂದಲೆಳೆಯಷ್ಟೂ ಹೆಚ್ಚು ಒತ್ತಲಿಲ್ಲ. ಅದರ ಹೊಳಪಿನ ಗೆರೆಗಳೆಲ್ಲ ಉದ್ದಕ್ಕೇ ಓಡುತ್ತವೆ ಎಂದು ತೋರಿಸಿದರು. ಅಡ್ಡ ಗೀರು ಒಂದಿದ್ದರೂ ಸಾಕು, ಸ್ಪ್ರಿಂಗ್ ಬಾಗಿದಾಗಲೆಲ್ಲ ಎಳೆತ ಅಲ್ಲೇ ಬಂದು ಸೇರುತ್ತದೆ. ಒಂದು ದಿನ ಅಲ್ಲೇ ಬಿರುಕು ಬಿಟ್ಟು ಮುರಿಯುತ್ತದೆ.

ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಸ್ಪ್ರಿಂಗ್‌ಗೂ ಟಂಬ್ಲರ್‌ಗೂ ನಡುವೆ ಇರುವ ಒಂದು ಪುಟ್ಟ ಕೊಂಡಿ. ಸ್ಪ್ರಿಂಗನ್ನು ಬಗ್ಗಿಸಿದಷ್ಟೂ ಅದರ ಬಲ ಹೆಚ್ಚಬೇಕು. ಆದರೆ ಹ್ಯಾಮರ್ ಎಳೆದು ನೋಡಿ: ಶುರುವಿನಲ್ಲಿ ಬಿಗಿ, ಕೊನೆಗೆ ಬರುವಾಗ ಹಗುರ! ತೋಟದ ಗೇಟನ್ನು ಅಂಚಿನಲ್ಲಿ ತಳ್ಳಿದರೆ ಸಲೀಸಾಗಿ ತಿರುಗುತ್ತದೆ. ಕೀಲಿನ ಹತ್ತಿರ ಎಷ್ಟು ಬಲ ಹಾಕಿದರೂ ಕಷ್ಟ. ಹ್ಯಾಮರ್ ಹಿಂದಕ್ಕೆ ಹೋದಂತೆ ಆ ಕೊಂಡಿ ಸ್ಪ್ರಿಂಗಿನ ಎಳೆತವನ್ನು ಕೀಲಿನ ಹತ್ತಿರಕ್ಕೆ ತಂದುಬಿಡುತ್ತದೆ. ಬಲ ಹೆಚ್ಚಿದರೂ ತಿರುಗಿಸುವ ಶಕ್ತಿ ಇಳಿಯುತ್ತದೆ. ಇದರಿಂದ ಸಜ್ಜಾಗಿ ನಿಂತಾಗ ಸಿಯರ್ ಮೇಲೆ ಭಾರ ಕಡಿಮೆ. ಬಿಟ್ಟಾಗ ಹ್ಯಾಮರ್ ಮುಂದೆ ಬಂದಂತೆ ಹೊಡೆತ ಬಲವಾಗುತ್ತದೆ. ಅಷ್ಟು ಗಟ್ಟಿ ಸ್ಪ್ರಿಂಗನ್ನು ಒಂದೂವರೆ, ಎರಡು ಕೆ.ಜಿ.ಯಷ್ಟು ಬೆರಳಿನ ಎಳೆತ ಬಿಡಿಸುತ್ತದಲ್ಲ, ಈ ಕೊಂಡಿಯ ಪಾಲು ಅದರಲ್ಲಿ ದೊಡ್ಡದು.

ಲಾಕ್ ಮೇಜಿನ ಮೇಲೆ ತಯಾರಾಯಿತು. ಹ್ಯಾಮರ್ ಎಳೆದರು. ನಿಂತಿತು! ಹತ್ತು ಸಲ ಎಳೆದರು, ಹತ್ತು ಸಲವೂ ನಿಂತಿತು. ಮರದ ಹಿಡಿಯೊಳಗೆ ಕೂರಿಸಿದರು. ಜಾರಿತು.

ಅಂದರೆ ತಪ್ಪು ಕಬ್ಬಿಣದ್ದಲ್ಲ. ಅರ ಹಾಕದೆ ಇದ್ದದ್ದು ನಮ್ಮ ಪುಣ್ಯ. ಆ ಕಾಲದ ಇಂಥ ಎಷ್ಟೋ ತುಂಡುಗಳು ಒಳಗೆ ಮೆದು ಕಬ್ಬಿಣ. ಮೂಳೆ ಇದ್ದಿಲಿನ ಜೊತೆ ಪೆಟ್ಟಿಗೆಯಲ್ಲಿಟ್ಟು ಗಂಟೆಗಟ್ಟಲೆ ಕೆಂಪಗೆ ಕಾಯಿಸಿದರೆ ಇಂಗಾಲ ಮೇಲ್ಮೈಗೆ ಇಳಿಯುತ್ತದೆ. ಆಮೇಲೆ ನೀರಿಗೆ ಹಾಕಿದರೆ ಹೊರಗಿನ ತೆಳು ಪದರ ಮಾತ್ರ ಗಾಜಿನಷ್ಟು ಗಡಸಾಗುತ್ತದೆ. ಅರದಿಂದ ಆ ಪದರವನ್ನು ತೆಗೆದಿದ್ದರೆ ಕಚ್ಚು ನಿಜಕ್ಕೂ ಸವೆಯಲು ಶುರುವಾಗುತ್ತಿತ್ತು.

ಅವರು ಚಿಮಣಿ ಬುಡ್ಡಿ ಹಚ್ಚಿ, ಸಿಯರ್‌ನ ಬಾಲವನ್ನು ಹೊಗೆಗೆ ಹಿಡಿದು ಮಸಿ ಮಾಡಿದರು. ಟ್ರಿಗರ್ ಎತ್ತುವುದು ಈ ಬಾಲವನ್ನೇ. ಲಾಕನ್ನು ಮತ್ತೆ ಮರದೊಳಗೆ ಕೂರಿಸಿ ತೆಗೆದರು. ಮರದ ಗೂಡಿನ ಒಂದು ಗೋಡೆಯಲ್ಲಿ ಅಕ್ಕಿ ಕಾಳಿನಷ್ಟು ಕಪ್ಪು ಗುರುತು.

ಮರ ತೇವ ಕುಡಿದರೆ ಎಳೆಯ ಉದ್ದಕ್ಕೆ ಹಿಗ್ಗುವುದೇ ಇಲ್ಲ ಅನ್ನಬಹುದು. ಅಡ್ಡಕ್ಕೆ ಮಾತ್ರ ಅದರ ಹತ್ತಾರು ಪಟ್ಟು ಹಿಗ್ಗುತ್ತದೆ. ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಬಾಗಿಲು ಬಿಗಿಯಾಗುವುದು ಹೀಗೇ. ನಮ್ಮ ಕೋವಿಯ ಹಿಡಿಯ ಹೊರಮೈಗೆ ಎಣ್ಣೆಯ ಹೊಳಪಿತ್ತು. ಲಾಕ್ ಕೂರುವ ಗೂಡಿನ ಒಳಗೆ ಬರಿ ಮರ. ಮಳೆಯಲ್ಲಿ ಅದು ಉಬ್ಬಿ ಸಿಯರ್ ಬಾಲವನ್ನು ಹಿಡಿದುಕೊಳ್ಳುತ್ತಿತ್ತು. ಬಾಲ ಪೂರ್ತಿ ಇಳಿಯದಿದ್ದರೆ ಮೂತಿ ಪೂರ್ತಿ ಕಚ್ಚಿಗೆ ಕೂರುವುದಿಲ್ಲ. ಬೇಸಿಗೆಯಲ್ಲಿ ಮರ ಒಣಗಿ ಬಿಡುತ್ತಿತ್ತು, ಕಾಯಿಲೆ ಮಾಯ.

ಸಣ್ಣ ಉಳಿಯಿಂದ ಆ ಕಪ್ಪು ಗುರುತಿದ್ದಷ್ಟನ್ನೇ ಹೆರೆದರು. ಮತ್ತೆ ಮಸಿ, ಮತ್ತೆ ಕೂರಿಸುವುದು, ಮತ್ತೆ ಹೆರೆಯುವುದು. ನಾಲ್ಕನೆಯ ಸಲ ಗುರುತು ಬೀಳಲಿಲ್ಲ. ಗೂಡಿನೊಳಗೆ ಅಗಸೆ ಎಣ್ಣೆ ಸವರಿದರು. ಎಣ್ಣೆ ತೇವವನ್ನು ಪೂರ್ತಿ ತಡೆಯುವುದಿಲ್ಲ, ಆದರೆ ನಿಧಾನ ಮಾಡುತ್ತದೆ.

ಎಣ್ಣೆ ಒಣಗಲು ಬಿಟ್ಟು, ಮುಂದಿನ ವಾರ ಮತ್ತೆ ಹೋದೆವು. ಅವರು ಎಲ್ಲ ಜೋಡಿಸಿ ಕೊನೆಯ ಸ್ಕ್ರೂ ತಿರುಗಿಸಿದರು. ಅದರ ಸೀಳು ನಳಿಗೆಯ ಉದ್ದಕ್ಕೆ ನೇರವಾಗಿ ಬಂದು ನಿಂತಿತು. ಹಳೆಯ ಕುಶಲಕರ್ಮಿ ಹಾಗೆ ನಿಲ್ಲಲಿ ಎಂದೇ ಮಾಡಿಟ್ಟದ್ದು. ಹೊರಗೆ ಮಳೆ ಸುರಿಯುತ್ತಿತ್ತು. ಅಪ್ಪ ಖಾಲಿ ಕೋವಿಯನ್ನು ನೆಲದ ಕಡೆ ಹಿಡಿದು, ಎಡಗಡೆಯ ಹ್ಯಾಮರ್ ಎಳೆದು ಬೆರಳು ತೆಗೆದರು. ಹ್ಯಾಮರ್ ಅಲ್ಲೇ ನಿಂತಿತ್ತು.