ಜರ್ಮನಿಯ ಕಾರ್ಡ್ ಇದ್ದರೆ ಪ್ಯಾರಿಸ್‌ನಲ್ಲೂ ಕೆಲಸ ಮಾಡಬಹುದೇ?

ಪ್ರಶ್ನೆ: ನಾನು ಸ್ಟುಟ್‌ಗಾರ್ಟ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ನುರಿತ ವಿದೇಶಿ ಉದ್ಯೋಗಿಗಳಿಗೆ ಕೊಡುವ ಬ್ಲೂ ಕಾರ್ಡ್ ಎಂಬ ವಾಸ ಮತ್ತು ಕೆಲಸದ ಪರವಾನಗಿ ಇದೆ. ಮುಂದಿನ ತಿಂಗಳಿಂದ ಪ್ರತಿ ವಾರ ಪ್ಯಾರಿಸ್‌ಗೆ ಹೋಗಿಬರಬೇಕು ಎಂದು ಕಂಪನಿ ಹೇಳುತ್ತಿದೆ. ಎಲ್ಲವೂ ಷೆಂಗೆನ್ ಒಳಗೇ ಇರುವುದರಿಂದ ಬೇರೆ ಕಾಗದಪತ್ರ ಬೇಡ ಎನ್ನುತ್ತಾರೆ ಸಹೋದ್ಯೋಗಿಗಳು. ನಿಜವೇ? ಇದರ ಜೊತೆಗೆ ಮನೆಯನ್ನೂ ಹೇಗೆ ತೂಗಿಸುವುದು?

ಉತ್ತರ: ಈ ಪ್ರಶ್ನೆಯಲ್ಲಿ ಊರುಗಳ ಹೆಸರಷ್ಟೇ ಬದಲಾಗುತ್ತದೆ. ಒಮ್ಮೆ ಐಂಡ್‌ಹೋವನ್, ಒಮ್ಮೆ ಮ್ಯೂನಿಕ್. ಪ್ಯಾರಿಸ್ ಇದ್ದಲ್ಲಿ ಮಿಲಾನ್. ‘ಎಲ್ಲವೂ ಷೆಂಗೆನ್ ಒಳಗೇ ತಾನೇ’ ಎಂಬ ಮಾತು ಮಾತ್ರ ಒಂದಕ್ಷರವೂ ಆಚೀಚೆಯಾಗದೆ ಬರುತ್ತದೆ. ಬರೆದು ಬರೆದು ಕೈ ಸೋತಿದೆ. ಈ ಸಲ ಸಾವಕಾಶವಾಗಿ ಬರೆಯುತ್ತೇನೆ. ದಯವಿಟ್ಟು ಆ ಸಹೋದ್ಯೋಗಿಗಳಿಗೂ ಓದಿಸಿ.

ಷೆಂಗೆನ್ ಎಂಬುದು ಗಡಿ ದಾಟುವುದಕ್ಕೆ ದೇಶಗಳು ಮಾಡಿಕೊಂಡ ಏರ್ಪಾಡು. ದುಡಿಮೆಯ ಮಾತು ಅದರಲ್ಲಿ ಇಲ್ಲ. ‘ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ’ ಎಂಬ ನಮ್ಮ ಗಾದೆಯನ್ನು ಇಲ್ಲಿ ನಂಬಬೇಡಿ. ಊರೊಳಗೆ ಬಿಟ್ಟುಕೊಂಡವರೇ ಬಾವಿಕಟ್ಟೆಯ ಹತ್ತಿರ ಬೇರೆ ಚೀಟಿ ಕೇಳುತ್ತಾರೆ. ಜರ್ಮನಿಯ ವಾಸದ ಪರವಾನಗಿ ಮತ್ತು ಪಾಸ್‌ಪೋರ್ಟ್ ಎರಡೂ ಜೊತೆಯಲ್ಲಿದ್ದರೆ ಉಳಿದ ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಇರಬಹುದು. ಇರಬಹುದು, ಅಷ್ಟೇ. ಇದ್ದು ಏನು ಮಾಡಬಹುದು ಎಂಬುದನ್ನು ಹೇಳುವುದು ಬೇರೆ ಕಾನೂನು.

ಇಷ್ಟು ಹೇಳಿದೊಡನೆ ‘ನನ್ನದು ಸಾಮಾನ್ಯ ಪರವಾನಗಿ ಅಲ್ಲ, ಬ್ಲೂ ಕಾರ್ಡ್’ ಎಂಬ ಆಕ್ಷೇಪ ಬರುತ್ತದೆ. ಒಪ್ಪಿದೆ. ಐರೋಪ್ಯ ಒಕ್ಕೂಟದ 2021ರ ಬ್ಲೂ ಕಾರ್ಡ್ ನಿರ್ದೇಶನ ಒಂದು ಒಳ್ಳೆಯ ಕೆಲಸ ಮಾಡಿದೆ: ಕಾರ್ಡ್ ಇರುವವರು ಅದೇ 90 ದಿನಗಳ ಮಿತಿಯೊಳಗೆ ಡೆನ್ಮಾರ್ಕ್, ಐರ್ಲೆಂಡ್ ಬಿಟ್ಟು ಇತರ ಸದಸ್ಯ ದೇಶಗಳಲ್ಲಿ ‘ವ್ಯವಹಾರ ಚಟುವಟಿಕೆ’ ನಡೆಸಬಹುದು, ಅದಕ್ಕೆ ಬೇರೆ ಅನುಮತಿ ಬೇಡ. ಚಟುವಟಿಕೆ ಎಂದರೆ ಏನೆಂಬುದನ್ನೂ ಅದು ವಿವರಿಸಿದೆ: ಸಭೆ, ಸಮ್ಮೇಳನ, ಮಾತುಕತೆ, ಮಾರಾಟದ ಕೆಲಸ, ತರಬೇತಿ, ಇಂಥವು. ಅದು ನಿಮ್ಮ ಮಾಲೀಕರ ಹಿತಕ್ಕೆ ನೇರವಾಗಿ ಸಂಬಂಧಿಸಿರಬೇಕು. ಅಂದರೆ ಮಂಗಳವಾರ ಪ್ಯಾರಿಸ್‌ನಲ್ಲಿ ಸಭೆ, ಬುಧವಾರ ವಾಪಸ್ ಎಂದಾದರೆ ನೆಮ್ಮದಿಯಾಗಿ ಹೋಗಿಬನ್ನಿ. ಗ್ರಾಹಕ ಕಂಪನಿಯ ಕಚೇರಿಯಲ್ಲಿ ನಿಮ್ಮ ಹೆಸರಿನ ಮೇಜು, ಅವರ ತಂಡದ ಜೊತೆ ದಿನವಿಡೀ ಕೋಡ್ ಬರೆಯುವುದು, ವಾರಗಟ್ಟಲೆ ಅದೇ ಎಂದಾದರೆ ಅದನ್ನು ಸಭೆ ಎಂದು ಕರೆದ ಮಾತ್ರಕ್ಕೆ ಸಭೆಯಾಗುವುದಿಲ್ಲ. ಅಂಥ ಕೆಲಸಕ್ಕೆ ನಿಮ್ಮನ್ನು ಕಳುಹಿಸುವ ಮೊದಲೇ ಕಂಪನಿ ಫ್ರಾನ್ಸ್‌ನ ‘ಸಿಪ್ಸಿ’ ಎಂಬ ಸರ್ಕಾರಿ ಜಾಲತಾಣದಲ್ಲಿ, ಇಂಥವರನ್ನು ಕೆಲಸಕ್ಕೆ ಕಳುಹಿಸುತ್ತಿದ್ದೇವೆ ಎಂದು ಘೋಷಣೆ ಸಲ್ಲಿಸಬೇಕು.

ಈ ವಿಷಯಕ್ಕೆ ಒಂದು ಹಳೆಯ ಮೊಕದ್ದಮೆಯೇ ಇದೆ. ವಾಂಡರ್ ಎಲ್ಸ್ಟ್ ಎಂಬ ಬೆಲ್ಜಿಯಂನ ಗುತ್ತಿಗೆದಾರ 1989ರಲ್ಲಿ ಫ್ರಾನ್ಸ್‌ನ ರೀಮ್ಸ್‌ನಲ್ಲಿ ಕಟ್ಟಡ ಕೆಡಹುವ ಕೆಲಸಕ್ಕೆ ತನ್ನ ಆಳುಗಳನ್ನು ಕಳುಹಿಸಿದ. ಅವರಲ್ಲಿ ಕೆಲವರು ಮೊರಾಕೊದವರು. ಬೆಲ್ಜಿಯಂನಲ್ಲಿ ದುಡಿಯಲು ಅವರಿಗೆ ಎಲ್ಲ ಕಾಗದಗಳೂ ಇದ್ದವು. ಫ್ರಾನ್ಸ್‌ನ ಕೆಲಸದ ಪರವಾನಗಿ ಎಲ್ಲಿ ಎಂದು ಕೇಳಿದ ಅಲ್ಲಿನ ಅಧಿಕಾರಿಗಳು ಗುತ್ತಿಗೆದಾರನಿಗೆ ದಂಡ ಹಾಕಿದರು. ಐರೋಪ್ಯ ನ್ಯಾಯಾಲಯ 1994ರಲ್ಲಿ ಗುತ್ತಿಗೆದಾರನ ಪರ ತೀರ್ಪು ಕೊಟ್ಟಿತು: ಒಂದು ದೇಶದಲ್ಲಿ ಕಾನೂನುಬದ್ಧವಾಗಿ ದುಡಿಯುತ್ತಿರುವವರನ್ನು ಕಂಪನಿ ಸೇವೆ ಒದಗಿಸಲು ಇನ್ನೊಂದು ದೇಶಕ್ಕೆ ಕಳುಹಿಸಿದರೆ ಮತ್ತೊಂದು ಕೆಲಸದ ಪರವಾನಗಿ ಕೇಳುವಂತಿಲ್ಲ. ಈ ತೀರ್ಪನ್ನು ಅರ್ಧ ಕೇಳಿಸಿಕೊಂಡವರೇ ಆಮೇಲೆ ‘ಎಲ್ಲಿ ಬೇಕಾದರೂ ದುಡಿಯಬಹುದು’ ಎಂದು ಹೇಳಿಕೊಂಡು ತಿರುಗುವುದು. ಗಮನಿಸಿ, ಗೆದ್ದವನು ಮಾಲೀಕ. ಹಕ್ಕು ಸೇವೆ ಒದಗಿಸುವ ಕಂಪನಿಯದು. ನೀವಾಗಿಯೇ ಲಿಸ್ಬನ್‌ನಲ್ಲಿ ಸಮುದ್ರ ಕಾಣುವ ಕೋಣೆ ಹಿಡಿದು ಲ್ಯಾಪ್‌ಟಾಪ್ ಬಿಚ್ಚಿದರೆ ನಿಮ್ಮನ್ನು ಅಲ್ಲಿಗೆ ಯಾರೂ ಕಳುಹಿಸಿಲ್ಲ, ನೀವು ಯಾವ ಸೇವೆಯನ್ನೂ ಒದಗಿಸುತ್ತಿಲ್ಲ.

‘ನಾನು ಮೂರು ವರ್ಷದಿಂದ ಹೋಗುತ್ತಿದ್ದೇನೆ, ಯಾರೂ ಕೇಳಿಲ್ಲ.’ ಇದು ಮುಂದಿನ ವಾದ. ಕೇಳದೇ ಇರುವುದು ಅನುಮತಿಯಾಗುವುದಿಲ್ಲ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರುಮಾಡಿತು. ಅಂದಿನಿಂದ ಸ್ಟ್ರಾಸ್‌ಬರ್ಗ್ ಕಡೆಯಿಂದ ಬರುವ ರೈಲಿಗೆ ಪೊಲೀಸರು ಹತ್ತುವುದು ಹೊಸ ಸಂಗತಿಯಲ್ಲ. ಪಾಸ್‌ಪೋರ್ಟ್ ಮನೆಯಲ್ಲಿಟ್ಟು ಕಾರ್ಡ್ ಮಾತ್ರ ಜೇಬಿನಲ್ಲಿಟ್ಟುಕೊಂಡು ಹೊರಡುವವರು ಇದನ್ನು ನೆನಪಿಡಬೇಕು.

ಈಗ ನಿಮ್ಮ ‘ಪ್ರತಿ ವಾರ’ದ ಲೆಕ್ಕ ಹಾಕೋಣ. ಹೋದ ದಿನವೂ ಒಂದು ದಿನ, ಬಂದ ದಿನವೂ ಒಂದು ದಿನ. ಸೋಮವಾರ ಬೆಳಿಗ್ಗೆ ಹೋಗಿ ಗುರುವಾರ ರಾತ್ರಿ ಬಂದರೆ ವಾರಕ್ಕೆ ನಾಲ್ಕು ದಿನ. 180 ದಿನಗಳಲ್ಲಿ ಅದು ನೂರು ದಾಟುತ್ತದೆ, ಮಿತಿ ಮುರಿಯಿತು. ವಾರಕ್ಕೆ ಮೂರೇ ದಿನವಾದರೆ ಎಪ್ಪತ್ತೆಂಟರ ಹತ್ತಿರ ನಿಲ್ಲುತ್ತದೆ. ಆದರೆ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ರೋಮ್‌ಗೆ ಹೋದ ದಿನಗಳೂ ಇದೇ ಖಾತೆಗೆ ಸೇರುತ್ತವೆ. ಕಚೇರಿಗೆ ಒಂದು, ಸಂಸಾರಕ್ಕೆ ಒಂದು ಎಂದು ಎರಡು ಖಾತೆಗಳಿಲ್ಲ. ಜರ್ಮನಿಯಲ್ಲಿ ಕಳೆದ ದಿನಗಳು ಮಾತ್ರ ಲೆಕ್ಕಕ್ಕೆ ಬರುವುದಿಲ್ಲ.

ಕಾಗದ ಬೇಡವೆಂದರಲ್ಲ, ಒಂದು ಕಾಗದವಂತೂ ಬೇಕೇ ಬೇಕು: ಎ1. ನಿಮ್ಮ ಸಾಮಾಜಿಕ ವಿಮೆಯ ಕಂತು ಜರ್ಮನಿಯಲ್ಲೇ ಕಟ್ಟಲಾಗುತ್ತಿದೆ ಎಂಬುದಕ್ಕೆ ಇದು ಪುರಾವೆ. ಒಂದೇ ದಿನದ ಕೆಲಸಕ್ಕೆ ಹೋದರೂ ಬೇಕು. ಅರ್ಜಿ ಹಾಕುವುದು ಕಂಪನಿಯ ಕರ್ತವ್ಯ. ಹಾಕಿಸುವುದು ನಿಮ್ಮ ಕರ್ತವ್ಯ. ಸಂಬಳದ ತೆರಿಗೆ ಯಾವ ದೇಶಕ್ಕೆ ಎಂದು ಹೇಳುವ 183 ದಿನಗಳ ನಿಯಮ ಇದಕ್ಕೆಲ್ಲ ಸಂಬಂಧವೇ ಇಲ್ಲದ ಇನ್ನೊಂದು ಲೆಕ್ಕ, ಅದಕ್ಕೂ ದಿನಗಳಾಚೆಗಿನ ಷರತ್ತುಗಳಿವೆ; ಸಂಬಳ ವಿಭಾಗದವರನ್ನು ಕೇಳಿ. ಹಾಗೆಯೇ ಜ್ಯೂರಿಕ್ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರವೇ ಇದ್ದರೂ ಸ್ವಿಟ್ಜರ್ಲೆಂಡ್ ಷೆಂಗೆನ್‌ನಲ್ಲಿದೆ, ಐರೋಪ್ಯ ಒಕ್ಕೂಟದಲ್ಲಿಲ್ಲ, ನಿಮ್ಮ ಬ್ಲೂ ಕಾರ್ಡ್‌ನ ಅನುಕೂಲ ಅಲ್ಲಿ ನಡೆಯದು. ಡಬ್ಲಿನ್ ಒಕ್ಕೂಟದಲ್ಲಿದೆ, ಷೆಂಗೆನ್‌ನಲ್ಲಿಲ್ಲ, ಭಾರತದ ಪಾಸ್‌ಪೋರ್ಟ್‌ಗೆ ವೀಸಾ ಬೇಕು. ಲಂಡನ್ ಎರಡರಲ್ಲೂ ಇಲ್ಲ.

ಇನ್ನು ಮನೆಯ ವಿಷಯ. ಇದನ್ನು ಕೇಳುವವರೆಲ್ಲ ಊಟ, ನಿದ್ದೆ, ಮಕ್ಕಳ ಶಿಶುವಿಹಾರದ ಬಗ್ಗೆ ಕೇಳುತ್ತಾರೆ. ಅವುಗಳಿಗೆ ನಿಮ್ಮ ಮನೆಯವರೇ ನನಗಿಂತ ಚೆನ್ನಾಗಿ ಉತ್ತರ ಕೊಡುತ್ತಾರೆ. ನಿಮ್ಮ ಅಂಚೆಪೆಟ್ಟಿಗೆಯ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ, ಆದ್ದರಿಂದ ಕೇಳದೆಯೇ ಹೇಳುತ್ತೇನೆ.

ಜರ್ಮನಿಯಲ್ಲಿ ದಂಡದ ಆದೇಶದಂಥ ಸರ್ಕಾರಿ ಪತ್ರ ಹಳದಿ ಲಕೋಟೆಯಲ್ಲಿ ಬರುತ್ತದೆ. ನೀವು ಮನೆಯಲ್ಲಿಲ್ಲದಿದ್ದರೆ ಅಂಚೆಯವನು ಲಕೋಟೆಯ ಮೇಲೆ ತಾರೀಖು ಬರೆದು ಪೆಟ್ಟಿಗೆಗೆ ಹಾಕಿ ಹೋಗುತ್ತಾನೆ. ಕೈಗೆ ಕೊಟ್ಟು ಸಹಿ ಹಾಕಿಸಿಕೊಂಡರೇ ತಲುಪಿದಂತೆ ಎಂದುಕೊಂಡಿದ್ದರೆ ಮರೆತುಬಿಡಿ. ಪೆಟ್ಟಿಗೆಗೆ ಬಿದ್ದ ದಿನವೇ ಅದು ನಿಮಗೆ ತಲುಪಿದಂತೆ. ಅತಿವೇಗದ ದಂಡಕ್ಕೆ ಆಕ್ಷೇಪ ಸಲ್ಲಿಸಲು ಅಲ್ಲಿಂದ ಎರಡು ವಾರ ಮಾತ್ರ. ಊರಿನಲ್ಲಿ ಇರಲಿಲ್ಲ ಎಂದು ಅರ್ಜಿ ಕೊಟ್ಟು ಗಡುವನ್ನು ಮತ್ತೆ ಪಡೆಯುವ ದಾರಿ ಇದೆ, ಆದರೆ ಅದಕ್ಕೆ ಪುರಾವೆ ಬೇಕು. ರೈಲು ಟಿಕೆಟ್‌ಗಳನ್ನು ಎಸೆಯಬೇಡಿ. ತಾರೀಖು ಇರುವುದು ಲಕೋಟೆಯ ಮೇಲೆ, ಅದನ್ನೂ ಎಸೆಯಬೇಡಿ.

ಇಷ್ಟೆಲ್ಲ ಆಗಬೇಕಾದರೆ ಮೊದಲು ಪತ್ರ ನಿಮ್ಮ ಪೆಟ್ಟಿಗೆಗೆ ಬೀಳಬೇಕು. ಇಲ್ಲಿ ಪೆಟ್ಟಿಗೆಯ ಮೇಲೆ ಮನೆ ನಂಬರ್ ಇರುವುದಿಲ್ಲ, ಹೆಸರು ಇರುತ್ತದೆ. ನಮ್ಮವರ ಪಾಸ್‌ಪೋರ್ಟ್‌ನಲ್ಲಿ ಒಬ್ಬರಿಗೆ ತಂದೆಯ ಹೆಸರೇ ಮನೆತನದ ಹೆಸರು, ಇನ್ನೊಬ್ಬರಿಗೆ ಊರಿನ ಹೆಸರು, ಮತ್ತೊಬ್ಬರಿಗೆ ಆ ಜಾಗವೇ ಖಾಲಿ. ಗಂಡನ ಹೆಸರು ಮಾತ್ರ ಅಂಟಿಸಿದ ಪೆಟ್ಟಿಗೆಗೆ ಹೆಂಡತಿಯ ಬ್ಯಾಂಕ್ ಕಾರ್ಡ್ ಬರುವುದಿಲ್ಲ, ಬಂದ ದಾರಿಗೆ ಸುಂಕವಿಲ್ಲದೆ ಹಿಂತಿರುಗುತ್ತದೆ. ಪಾಸ್‌ಪೋರ್ಟ್‌ನಲ್ಲಿರುವ ಎಲ್ಲ ಹೆಸರುಗಳನ್ನೂ ಅಂಟಿಸಿ, ಪೆಟ್ಟಿಗೆ ಕುರೂಪವಾಗಿ ಕಂಡರೂ ಚಿಂತೆಯಿಲ್ಲ.

ನೀವು ಸ್ಟುಟ್‌ಗಾರ್ಟ್‌ನವರಾದ್ದರಿಂದ ಒಂದೇ ಕಟ್ಟಡದ ಮನೆಯವರು ವಾರಕ್ಕೊಬ್ಬರಂತೆ ಮೆಟ್ಟಿಲು ಗುಡಿಸುವ ಸರದಿಯೂ ಇದ್ದೀತು. ಗುರುವಾರ ರಾತ್ರಿ ಬಂದಾಗ ಬಾಗಿಲಿಗೆ ಸರದಿಯ ಫಲಕ ನೇತಾಡುತ್ತಿದ್ದರೆ ಗಾಬರಿ ಬೇಡ, ಶನಿವಾರವಿದೆ. ಇಡೀ ವಾರ ಇರುವುದಿಲ್ಲವೆಂದರೆ ಎದುರು ಮನೆಯ ಅಜ್ಜಿಯ ಜೊತೆ ಮೊದಲೇ ಸರದಿ ಅದಲುಬದಲು ಮಾಡಿಕೊಳ್ಳಿ. ಮನೆಯವರೂ ಊರಿಗೆ ಹೋಗಿದ್ದರೆ ಪೆಟ್ಟಿಗೆಯ ಕೀಲಿಯನ್ನೂ ಆ ಅಜ್ಜಿಗೇ ಕೊಡಿ. ಪಕ್ಕದ ಬೀದಿಯ ಕನ್ನಡದ ಸ್ನೇಹಿತನಿಗೆ ಕೊಡಬೇಡಿ; ಒಂದೇ ಕಂಪನಿಯವನಾದರೆ ಅವನೂ ನಿಮ್ಮ ಜೊತೆ ಅದೇ ಪ್ಯಾರಿಸ್ ರೈಲಿನಲ್ಲಿ ಇರುತ್ತಾನೆ.